ತಂತಿಮಿತ್ರ

ಹಾರ್ನು ಕೇಳಿದ ಕೂಡಲೇ ದೊಡ್ಡಕ್ಕ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಬೇಕು. ಬಾಯಲ್ಲಿ ತುತ್ತಿದ್ದರೆ ತುತ್ತು, ಮೈಮೇಲೆ ಸೋಪಿದ್ದರೆ ಸೋಪು. ಬಾಗಿಲ ಪಕ್ಕ ಒರಗಿಸಿಟ್ಟ ಕವೆಕೋಲನ್ನು ಎತ್ತಿಕೊಂಡು ಬೀದಿಗಿಳಿದು ಲಾರಿಯ ದಾರಿಯ ಮಗ್ಗುಲಿಗೆ ನಿಲ್ಲಬೇಕು. ಕೋಲಿನ ತುದಿಯ ಕವಲಿಗೆ ಕರಿ ವೈರನ್ನು ಸಿಕ್ಕಿಸಬೇಕು. ತೋಳೆರಡೂ ಕಿವಿಗೆ ತಾಗುವ ಹಾಗೆ ಮೇಲೆತ್ತಬೇಕು. ಕಸದ ಲಾರಿ ಅದರ ಕೆಳಗೆ ದಾಟಿ ಹೋಗುವವರೆಗೆ ಹಾಗೇ ನಿಲ್ಲಬೇಕು. ಲಾರಿಯೇನು ಸುಮ್ಮನೆ ಹೋಗುತ್ತದೆಯೇ? ಇಡೀ ಊರಿನ ಎಂಜಲು, ಕೊಳೆತ ತರಕಾರಿ, ಸತ್ತ ಇಲಿ ಎಲ್ಲವನ್ನೂ ಹಿಂಡಿದ ರಸ ಸೋರಿಸಿಕೊಂಡು ಹೋಗುತ್ತದೆ. ಅದು ಮೊದಲು ಬೀಳುವುದು ಕೋಲು ಹಿಡಿದವರ ತಲೆಯ ಮೇಲೆ.

ವೈರು ನೀಲಿ ಕಂಪನಿಯದು. ಕಂಪನಿಗೆ ದೊಡ್ಡ ಹೆಸರೇನೋ ಇದೆ, ಆದರೆ ಅದರ ಜನ ನೀಲಿ ಅಂಗಿ ಹಾಕುವುದರಿಂದ ಬೀದಿಯವರು ಹಾಗೇ ಕರೆಯುತ್ತಾರೆ. ದೊಡ್ಡ ರಸ್ತೆಯ ಕಂಬದಿಂದ ಹೊರಟ ವೈರು ಈ ಬೀದಿಯನ್ನು ಅಡ್ಡ ದಾಟಿ ಹಿಂದಿನ ಬಡಾವಣೆಗೆ ಹೋಗುತ್ತದೆ. ಅಲ್ಲಿಂದ ಅದರಾಚೆಯ ಬಡಾವಣೆಗಳಿಗೆ. ಅಲ್ಲೆಲ್ಲ ನೆಟ್ಟಗೆ, ಮರ್ಯಾದೆಯಿಂದ ಹೋಗುತ್ತದೆ. ಈ ಬೀದಿಗೆ ಬಂದಾಗ ಮಾತ್ರ ಅದಕ್ಕೇನು ರೋಗ ಬರುತ್ತದೋ, ದೊಡ್ಡಕ್ಕನ ಮನೆಯ ಮುಂದೆ ನಡು ಮುರಿದವರ ಹಾಗೆ ಜೋತುಬೀಳುತ್ತದೆ.

ಬೀದಿಯ ಕೊನೆಯಲ್ಲಿ ಕಸದ ಗುಡ್ಡ. ಬೀದಿಯವರೆಲ್ಲ ಆ ಗುಡ್ಡದಲ್ಲಿ ಕಸ ಆರಿಸುವವರು. ಅವರ ಅಪ್ಪಂದಿರೂ ಅದನ್ನೇ ಮಾಡಿದವರು. ಪ್ಲಾಸ್ಟಿಕ್ಕು ಒಂದು ಕಡೆ, ಗಾಜು ಒಂದು ಕಡೆ, ತಗಡು ಒಂದು ಕಡೆ. 'ನೀವಿಲ್ಲದಿದ್ದರೆ ಈ ಊರು ನಾರಿಹೋಗುತ್ತಿತ್ತು' ಎಂದು ಊರಿನವರು ವೇದಿಕೆಯ ಮೇಲೆ ಹೇಳುತ್ತಾರೆ. ವೇದಿಕೆಯಿಂದ ಇಳಿದ ಮೇಲೆ ಇದೇ ಜನ ಎದುರಿಗೆ ಸಿಕ್ಕರೆ ಮೂಗು ಮುಚ್ಚಿಕೊಳ್ಳುತ್ತಾರೆ.

ವೈರು ಎತ್ತುವ ಈ ಬಿಟ್ಟಿ ಚಾಕರಿ ಶುರುವಾದದ್ದಕ್ಕೆ ಒಂದು ಕಾರಣವಿತ್ತು. ಎರಡು ವರ್ಷದ ಹಿಂದೆ ಲಾರಿಯ ಕೊಕ್ಕೆಗೆ ಸಿಕ್ಕಿ ವೈರು ಹರಿದಿತ್ತು. ಬಡಾವಣೆಯಲ್ಲಿ ಇಂಟರ್ನೆಟ್ ನಿಂತಿತು. ಅರ್ಧ ಗಂಟೆಯೊಳಗೆ ಪೊಲೀಸ್ ಜೀಪು ಬಂತು. ಮಗು ಕಳೆದುಹೋಗಿದೆ ಎಂದು ಈ ಬೀದಿಯವರು ಗೋಗರೆದಾಗ ಜೀಪು ಇಷ್ಟು ಬೇಗ ಬಂದದ್ದಿಲ್ಲ. ವೈರು ಕಳ್ಳರು ಎಂದು ಕೈಗೆ ಸಿಕ್ಕ ಗಂಡಸರನ್ನೆಲ್ಲ ತುಂಬಿಕೊಂಡು ಹೋದರು. ದೊಡ್ಡಕ್ಕನ ಮಾವ, ಅಂದರೆ ಸತ್ತ ಗಂಡನ ಅಪ್ಪ, ಅವರಲ್ಲೊಬ್ಬ. "ಲಾರಿ ಕೊಕ್ಕೆಗೆ ಸಿಕ್ತು ಸಾರ್" ಎಂದು ನಿಜ ಹೇಳಿದ ತಪ್ಪಿಗೆ ಎಡಗೆನ್ನೆಗೆ ಬಿದ್ದ ಏಟು ಎಂಥದ್ದೆಂದರೆ, ಇವತ್ತಿಗೂ ಆ ಕಿವಿ ಸತ್ತ ಕಿವಿ. "ಇನ್ನೊಂದು ಸಲ ಇದು ಕಟ್ ಆಗ್ಲಿ, ಇಡೀ ಬೀದಿನೇ ಹೊತ್ಕೊಂಡು ಹೋಗ್ತೀನಿ" ಎಂದು ಬಿಟ್ಟುಕಳಿಸಿದರು.

ಕಂಪನಿಗೆ ಫೋನು ಮಾಡಿ ವೈರನ್ನು ಬಿಗಿ ಮಾಡಿ ಎಂದು ಕೇಳಿದ್ದೂ ಆಯಿತು. ನೀವು ನಮ್ಮ ಗ್ರಾಹಕರೇ ಎಂದು ಅವರು ಕೇಳಿದರು. ಅಲ್ಲ. ಹಾಗಾದರೆ ನಿಮ್ಮ ದೂರು ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಅಂದಿನಿಂದ ಕವೆಕೋಲು ಬಂತು. ಮನೆಗೊಂದು ಸರದಿ ಎಂದು ಮಾತಾಗಿತ್ತು. ಆದರೆ ವೈರು ಜೋತದ್ದು ದೊಡ್ಡಕ್ಕನ ಬಾಗಿಲಲ್ಲಿ, ಹಾರ್ನು ಮೊದಲು ಕೇಳುವುದು ಅವಳಿಗೆ. ಸರದಿ ಎಲ್ಲರದೂ, ತೋಳು ಅವಳದು. ಬಲಭುಜ ಈಗ ಎಡಭುಜಕ್ಕಿಂತ ಎತ್ತರವಾಗಿದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ.

ಇಷ್ಟಾದರೂ ಆಕೆಗೆ ಇಂಟರ್ನೆಟ್ ಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ. ಬೇಕಾದದ್ದು ಮಗಳ ಕಾಲಿನಿಂದ.

ಮಗಳು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದಳು. ಒಂದು ದಿನ ರಟ್ಟಿನ ದೊಡ್ಡ ಕಟ್ಟು ಜಾರಿ ಅವಳ ಪಾದದ ಮೇಲೆ ಬಿತ್ತು. ಮೂಳೆ ಪುಡಿಯಾಯಿತು. ಕಾರ್ಖಾನೆಯವರು ಒಂದು ಜೊತೆ ಊರುಗೋಲು ಕೊಟ್ಟು, ಇನ್ನು ಬರಬೇಡ ಎಂದರು. ಇಪ್ಪತ್ತೆರಡರ ಹುಡುಗಿ ಮೂಲೆ ಹಿಡಿದು ಕೂತಳು. ಕೂತವಳು ಮಾತೂ ಬಿಟ್ಟಳು. ಅದೇ ದೊಡ್ಡಕ್ಕನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಯಾಕೆಂದರೆ ಮಗಳಿಗೆ ಇದ್ದ ಆಸ್ತಿಯೇ ಅವಳ ದನಿ. ಅವಳು ಬೈದರೂ ಬೈಸಿಕೊಂಡವರಿಗೆ ಇನ್ನೊಂದು ಸಲ ಬೈಯಲಿ ಅನ್ನಿಸುತ್ತಿತ್ತು.

ಆ ದನಿಗೇ ಒಂದು ಕೆಲಸ ಸಿಕ್ಕಿತು. ನೀಲಿ ಕಂಪನಿಗೆ ಗ್ರಾಹಕರ ದೂರು ಕೇಳುವವರು ಬೇಕಾಗಿದ್ದರು. ಮನೆಯಲ್ಲೇ ಕೂತು ಮಾಡುವ ಕೆಲಸ. ಸಂದರ್ಶನ ಫೋನಿನಲ್ಲಿ. ಆದರೆ ಈ ಬೀದಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಸದ ಗುಡ್ಡದ ತುದಿಯಲ್ಲಿ ಮಾತ್ರ. ಆದ್ದರಿಂದ ಮನೆಯ ಫೋನು ದಿನವೂ ದೊಡ್ಡಕ್ಕನ ಸೊಂಟದಲ್ಲಿ ಕೆಲಸಕ್ಕೆ ಹೋಗಿ, ಬಂದ ಸುದ್ದಿಯನ್ನೆಲ್ಲ ತುಂಬಿಕೊಂಡು ಸಂಜೆ ಮನೆಗೆ ಬರುತ್ತಿತ್ತು. ಸಂದರ್ಶನದ ದಿನ ದೊಡ್ಡಕ್ಕ ಮಗಳನ್ನೇ ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ಮಂಡಿಯವರೆಗೆ ಹೂತುಹೋಗುವ ಕಸ. ಮಗಳು ಒಂದು ಕಾಲಲ್ಲಿ ನಿಂತಳು, ದೊಡ್ಡಕ್ಕ ಇನ್ನೊಂದು ಕಾಲಾಗಿ ಪಕ್ಕದಲ್ಲಿ ನಿಂತಳು.

"ಹಿಂದೆ ಅದೇನು ಸದ್ದು?" ಎಂದು ಆಚೆಯಿಂದ ಮೇಡಂ ಕೇಳಿದಳು. ತಲೆಯ ಮೇಲೆ ಕಾಗೆ, ಹದ್ದುಗಳು ಕಿತ್ತಾಡುತ್ತಿದ್ದವು.

"ಹಕ್ಕಿಗಳು ಮೇಡಂ."

"ಅಯ್ಯೋ, ಎಂಥ ಪುಣ್ಯ ಮಾಡಿದ್ದೀರಿ! ನಮ್ಮ ಕಡೆ ಒಂದು ಗುಬ್ಬಿನೂ ಕಾಣ್ಸಲ್ಲ."

ಕೆಲಸ ಸಿಕ್ಕಿತು. ಒಂದೇ ಒಂದು ಷರತ್ತು. "ಸೋಮವಾರ ಕೆಲಸ ಶುರು. ಅಷ್ಟರಲ್ಲಿ ಮನೆಗೆ ನಮ್ಮ ಕಂಪನಿಯ ಇಂಟರ್ನೆಟ್ಟೇ ಹಾಕಿಸ್ಕೊಂಡಿರ್ಬೇಕು. ಬೇರೆಯವರದ್ದು ನಡೆಯಲ್ಲ. ನಮ್ಮ ಮೇಲೆ ನಮಗೇ ನಂಬಿಕೆ ಇಲ್ದಿದ್ರೆ ಗ್ರಾಹಕರಿಗೆ ಹೇಗೆ ಬರುತ್ತೆ, ಹೇಳಿ?"

ಮಗಳು ಗುಡ್ಡದ ಮೇಲೇ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಇಳಿಯುವಾಗ ಅವಳು ಬೆನ್ನ ಮೇಲೆ ಹಗುರಾಗಿದ್ದಾಳೆ ಎಂದು ದೊಡ್ಡಕ್ಕನಿಗೆ ಅನ್ನಿಸಿತು. "ವೈರು ಬಾಗಿಲಲ್ಲೇ ಇದೆ. ಕೈ ಚಾಚಿದ್ರೆ ಸಿಗುತ್ತೆ. ನಿನಗ್ಯಾಕೆ ಯೋಚನೆ?" ಎಂದಳು.

ಗುರುವಾರ ದೊಡ್ಡಕ್ಕ ತಲೆಗೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ನೀಲಿ ಕಂಪನಿಯ ಅಂಗಡಿಗೆ ಹೋದಳು. ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ.

"ಕಸ ಹಿಂದಿನ ಬಾಗಿಲಲ್ಲಿದೆ, ಆ ಕಡೆಯಿಂದ ಹೋಗು."

"ಕಸ ತಗೊಳ್ಳೋಕೆ ಬಂದಿಲ್ಲಪ್ಪ. ಇಂಟರ್ನೆಟ್ ತಗೊಳ್ಳೋಕೆ ಬಂದಿದ್ದೀನಿ."

ಅವನು ನಗಲೆಂದು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಒಳಗೆ ಬಿಟ್ಟ. ಬಿಟ್ಟು, ಅವಳ ಬೆನ್ನ ಹಿಂದೆಯೇ ಸೆಂಟಿನ ಡಬ್ಬ ಹಿಡಿದು ಪುಸ್ಸೆಂದು ಎರಡು ಸಲ ಒತ್ತಿದ. ಆ ಸದ್ದು ಅವಳಿಗೆ ಕೇಳಿಸಿತು. ಮಗಳ ಕೆಲಸ ನೆನೆದು ನುಂಗಿಕೊಂಡಳು.

ಕೌಂಟರಿನವನು ಟೈ ಕಟ್ಟಿದ್ದ. ಒಳ್ಳೆಯವನೇ. ಕೂರಿ ಎಂದ. ವಿಳಾಸ ಕೇಳಿದ. ಪರದೆಯ ಮೇಲೆ ನಕ್ಷೆ ತೆಗೆದು, ದೊಡ್ಡದು ಮಾಡಿ, ಸಣ್ಣದು ಮಾಡಿ, ಕೊನೆಗೆ ಅವಳ ಕಡೆ ತಿರುಗಿಸಿದ.

"ನೀವು ಹೇಳೋ ಜಾಗ ಇಲ್ಲಿ ಹಸಿರಾಗಿದೆ ನೋಡಿ. ಹಸಿರು ಅಂದ್ರೆ ಪಾರ್ಕು. ಪಾರ್ಕಿಗೆ ಮನೆ ಕನೆಕ್ಷನ್ ಕೊಡೋಕೆ ಬರಲ್ಲಮ್ಮ."

"ಪಾರ್ಕಲ್ಲಪ್ಪ ಅದು, ಕಸದ ಗುಡ್ಡ. ಅದರ ಬುಡದಲ್ಲಿ ನಮ್ಮ ಮನೆ. ನಾನು ಅಲ್ಲೇ ಇರೋದು."

"ಇರಬಹುದು. ಪಾರ್ಕಲ್ಲಿ ಯಾರು ಬೇಕಾದ್ರೂ ಇರಬಹುದು."

"ನಿಮ್ಮ ವೈರು ನನ್ನ ತಲೆ ಮೇಲೇ ಹೋಗುತ್ತಪ್ಪ. ದಿನಾ ಲಾರಿ ಬಂದಾಗ ಕೋಲಲ್ಲಿ ಎತ್ತಿ ಹಿಡಿಯೋಳೇ ನಾನು!"

"ಅದು ಹೋಗೋ ವೈರಮ್ಮ. ನಿಮಗೆ ಬೇಕಾಗಿರೋದು ಬರೋ ವೈರು."

ದೊಡ್ಡಕ್ಕ ಅವನನ್ನೇ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಹುಬ್ಬು ಗಂಟಿಕ್ಕಿ, ನಿಜವಾಗಿಯೂ ಸಹಾಯ ಮಾಡಬೇಕೆಂಬ ಮುಖ ಮಾಡಿಕೊಂಡು ಹೇಳುತ್ತಿದ್ದ. "ಇಂಟರ್ನೆಟ್ ಕಂಪನಿ ಊರಲ್ಲಿ ಎರಡಿವೆ. ನಮ್ಮದೇ ತಗೋಬೇಕು ಅಂತ ಬಲವಂತ ಇಲ್ಲ. ಎದುರುಗಡೆ ಕೆಂಪು ಕಂಪನಿ ಇದೆ, ಕೇಳಿ ನೋಡಿ. ಆಯ್ಕೆ ನಿಮ್ಮದು" ಎಂದ.

ಕೆಂಪು ಕಂಪನಿಯದು ಬೇಡ, ಮಗಳ ಕೆಲಸಕ್ಕೆ ನೀಲಿಯದೇ ಆಗಬೇಕು ಎಂದು ಗೊತ್ತಿದ್ದರೂ ದೊಡ್ಡಕ್ಕ ರಸ್ತೆ ದಾಟಿದಳು. ಯಾವುದೋ ಒಂದು ಬಂದುಬಿಡಲಿ, ಮೇಡಂ ಕಾಲು ಹಿಡಿದರಾಯಿತು ಅನ್ನಿಸಿತ್ತು. ಅಲ್ಲಿಯ ಕಾವಲುಗಾರನ ಹತ್ತಿರ ಸೆಂಟಿನ ಡಬ್ಬ ಇರಲಿಲ್ಲ. ಅವನು ಬರೇ ಕರವಸ್ತ್ರ ತೆಗೆದ. ಕೆಂಪು ಅಂಗಿಯವನು ಎರಡು ಮಾತಿನಲ್ಲಿ ಮುಗಿಸಿದ.

"ರಸ್ತೆಯ ಆ ಕಡೆ ಅವರು, ಈ ಕಡೆ ನಾವು. ಒಬ್ಬರ ಜಾಗಕ್ಕೆ ಒಬ್ಬರು ಕಾಲಿಡಲ್ಲ."

"ಮತ್ತೆ ಎರಡು ಕಂಪನಿ ಯಾಕಪ್ಪ ಇರೋದು?"

"ಪೈಪೋಟಿಗೆ" ಎಂದ ಅವನು.

ವಾಪಸು ಬಂದು ನೀಲಿ ಅಂಗಡಿಯಲ್ಲಿ ಕೂತಳು. ಅಷ್ಟರಲ್ಲಿ ಅವಳು ಕೂತಿದ್ದ ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಒದ್ದೆ ಅವಳ ಒಳ್ಳೆಯ ಬಟ್ಟೆಗೆ ಹತ್ತಿತು. ಟೈನವನು ಪರದೆಯ ಮುಂದೆ ಪೇಚಾಡುತ್ತಿದ್ದ.

"ಇದೊಂದು ಮುಗಿಸಿಬಿಡೋಣಮ್ಮ. ಇಲ್ಲಿ ಎರಡೇ ಬಟನ್ ಇರೋದು. 'ತೆಗೆದುಕೊಂಡರು', 'ಬೇಡ ಎಂದರು'. 'ಕೊಡಲಿಲ್ಲ' ಅಂತ ಬಟನ್ನೇ ಇಲ್ಲ."

"ನಾನು ಬೇಡ ಅನ್ಲಿಲ್ಲವಲ್ಲ."

"ಗೊತ್ತು. ಆದ್ರೆ ಒಂದನ್ನ ಒತ್ತದೆ ಪರದೆ ಮುಂದಕ್ಕೆ ಹೋಗಲ್ಲ. ನಿಮ್ಮ ಹಿಂದೆ ಜನ ನಿಂತಿದ್ದಾರೆ." ಒತ್ತಿದ. ಯಾವುದನ್ನು ಒತ್ತಿದ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆಮೇಲೆ ಏನೋ ನೆನಪಾದವನಂತೆ, "ಅದೇನೋ ವೈರು ಎತ್ತಿ ಹಿಡೀತೀನಿ ಅಂದ್ರಲ್ಲ, ಅದೇನದು?" ಎಂದ. ಅವಳು ಎದ್ದು ನಿಂತು ತೋಳೆತ್ತಿ ತೋರಿಸಿದಳು. ಅವನು ಫೋಟೋ ತೆಗೆದುಕೊಂಡ. ಮೇಲಿನವರಿಗೆ ತಿಳಿಸುತ್ತೇನೆ ಎಂದ.

ಆ ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು. "ಮೇಲಿನವರಿಗೆ ತಿಳಿಸ್ತಾರಂತೆ ಮಾವ."

ಮಾವ ಬಲಗಿವಿ ಮುಂದೆ ಮಾಡಿ ಕೇಳಿಸಿಕೊಂಡ. "ಮೇಲಿನವರು ಯಾರಮ್ಮ? ನಾನು ಕಂಡ ಹಾಗೆ ನಮ್ಮ ಮೇಲಿರೋದು ಆ ವೈರು ಒಂದೇ."

ಶುಕ್ರವಾರ ಇನ್ನೊಂದು ಬಾಗಿಲು ತಟ್ಟಿದಳು. ಹಿಂದಿನ ಬಡಾವಣೆಯ ಸಂಘದ ಕಾರ್ಯದರ್ಶಿಯದು. ನಿವೃತ್ತ ಅಧಿಕಾರಿ. ದೊಡ್ಡಕ್ಕ ಗೇಟಿನ ಹೊರಗೆ, ಅವರು ಗೇಟಿನ ಒಳಗೆ. ಗೇಟಿನ ಪಕ್ಕದ ಕಾವಲು ಕೋಣೆ ಹಗಲೆಲ್ಲ ಖಾಲಿ ಇರುತ್ತದೆ, ಅಲ್ಲಿ ಬಡಾವಣೆಯ ಇಂಟರ್ನೆಟ್ ಬರುತ್ತದೆ, ಮಗಳು ಒಂದು ಮೂಲೆಯಲ್ಲಿ ಕೂತು ಕೆಲಸ ಮಾಡಿಕೊಳ್ಳಲೇ ಎಂದು ಕೇಳಿದಳು. ನಾನೇ ಹೊತ್ತು ತರುತ್ತೇನೆ, ನಾನೇ ಹೊತ್ತೊಯ್ಯುತ್ತೇನೆ, ಕೂತ ಜಾಗ ತೊಳೆದು ಹೋಗುತ್ತೇನೆ ಎಂದಳು. ಕೊನೆಯ ಮಾತು ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತು. ಬಂದಮೇಲೆ ತನ್ನ ಮೇಲೆಯೇ ಅಸಹ್ಯವಾಯಿತು.

ಕಾರ್ಯದರ್ಶಿ ಬಹಳ ಸಮಾಧಾನವಾಗಿ ವಿವರಿಸಿದರು. "ನೋಡಮ್ಮ, ನೆಟ್ಟು ಅನ್ನೋದು ಕೆರೆ ನೀರಿದ್ದ ಹಾಗೆ. ನೀವು ಮುಟ್ಟಿದ್ರೆ ನಮಗೆ ಸ್ಪೀಡು ಕಮ್ಮಿಯಾಗುತ್ತೆ."

"ನಾವು ಮುಟ್ಟಿದ್ರೆ?"

"ಯಾರೇ ಆಗಲಿ. ನಾನು ಜಾತಿಗೀತಿ ನೋಡೋನಲ್ಲ. ಇದು ತಂತ್ರಜ್ಞಾನ" ಎಂದರು ಅವರು. ಎಂದು ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಶನಿವಾರ ಬೆಳಗ್ಗೆ ಬೀದಿಗೆ ನೀಲಿ ವ್ಯಾನು ಬಂತು.

ಇಳಿದವರು ಕಂಪನಿಯ ದೊಡ್ಡ ಮ್ಯಾನೇಜರು, ಟೈನವನು, ಕ್ಯಾಮೆರಾದವನೊಬ್ಬ. ಮಗಳು ಹೊಸಿಲಲ್ಲಿ ಊರುಗೋಲು ಊರಿ ನಿಂತಳು. ಅವಳ ಮುಖ ಹೊಳೆಯುತ್ತಿತ್ತು. ಇಂಟರ್ನೆಟ್ಟಿನ ಡಬ್ಬ ತಂದಿರಬೇಕು, ಗೋಡೆಗೆ ತೂತು ಕೊರೆಯುವ ಯಂತ್ರ ತಂದಿರಬೇಕು ಎಂದುಕೊಂಡಳು ದೊಡ್ಡಕ್ಕ. ಅವಳು ಓಡಿಹೋಗಿ ಒಳಗಿನ ಮೂಲೆಯ ಗೋಡೆಯನ್ನು ಬಟ್ಟೆಯಿಂದ ಒರೆಸಿ ಬಂದಳು.

ವ್ಯಾನಿನಿಂದ ಇಳಿದದ್ದು ನೀಲಿ ಜಾಕೆಟ್ಟುಗಳು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ತಂತಿಮಿತ್ರ' ಎಂದಿತ್ತು. ಜೊತೆಗೆ ನೀಲಿ ಬಣ್ಣ ಬಳಿದ ಅಲ್ಯೂಮಿನಿಯಂ ಕೋಲೊಂದು, ತುದಿಗೆ ರಬ್ಬರಿನ ಕವೆ.

ಮ್ಯಾನೇಜರು ಭಾಷಣ ಮಾಡಿದರು. ಸಂಬಳವಿಲ್ಲದೆ, ಯಾರೂ ಹೇಳದೆ, ಕೇವಲ ಪ್ರೀತಿಯಿಂದ ಕಂಪನಿಯ ವೈರನ್ನು ಕಾಪಾಡಿದ ಈ ತಾಯಿಯ ಕಥೆ ಕೇಳಿ ತಮಗೆ ಕಣ್ಣೀರು ಬಂತು ಎಂದರು. ಮರದ ಕೋಲು ವೈರಿಗೆ ಗೀರು ಮಾಡುತ್ತದೆ, ಇನ್ನು ಮೇಲೆ ಈ ಕೋಲನ್ನೇ ಬಳಸಿ ಎಂದರು. ದೊಡ್ಡಕ್ಕನಿಗೆ ಜಾಕೆಟ್ಟು ತೊಡಿಸಿದರು. ತೊಡಿಸುವಾಗ ಅವಳ ಮೈಗೆ ಕೈ ತಾಗದಂತೆ ಬೆರಳ ತುದಿಯಲ್ಲಿ ಹಿಡಿದಿದ್ದರು. ಕ್ಯಾಮೆರಾದವನು ಕ್ಲಿಕ್ಕಿಸಿದ.

"ಸಾರ್, ಕನೆಕ್ಷನ್ನು?" ದೊಡ್ಡಕ್ಕ ಕೇಳಿದಳು.

"ಯಾವ ಕನೆಕ್ಷನ್?"

"ಮನೆಗೆ. ಸೋಮವಾರದಿಂದ ಮಗಳು ನಿಮ್ಮದೇ ಕಂಪನೀಲಿ ಕೆಲಸಕ್ಕೆ ಸೇರಬೇಕು. ನಿಮ್ಮ ಇಂಟರ್ನೆಟ್ ಇಲ್ದಿದ್ರೆ ಸೇರಿಸ್ಕೊಳ್ಳಲ್ಲ."

ಮ್ಯಾನೇಜರು ಟೈನವನ ಕಡೆ ನೋಡಿದರು. ಟೈನವನು ಕೈಯಲ್ಲಿದ್ದ ಪರದೆಯನ್ನು ನೋಡಿ, ತಗ್ಗಿದ ದನಿಯಲ್ಲಿ ಏನೋ ಹೇಳಿದ. ಮ್ಯಾನೇಜರು ದೊಡ್ಡಕ್ಕನ ಕಡೆ ತಿರುಗಿ, ನೊಂದವರ ಹಾಗೆ ತಲೆಯಾಡಿಸಿದರು.

"ನೀವೇ ಬೇಡ ಅಂದಿದ್ದೀರಲ್ಲಮ್ಮ. ಇಲ್ಲಿ ದಾಖಲಾಗಿದೆ. ಗ್ರಾಹಕರು ಒಂದು ಸಲ ಬೇಡ ಅಂದ್ರೆ ಆರು ತಿಂಗಳು ನಾವು ಅವರಿಗೆ ತೊಂದರೆ ಕೊಡೋ ಹಾಗಿಲ್ಲ. ಅದು ನಿಮ್ಮ ಹಕ್ಕು."

"ನಾನು ಯಾವಾಗ ಬೇಡ ಅಂದೆ? ಏನಪ್ಪಾ, ನಾನು ಬೇಡ ಅಂದ್ನಾ?"

ಟೈನವನು ತನ್ನ ಬೂಟು ನೋಡಿಕೊಂಡ.

ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಹಾರ್ನು ಕೂಗಿತು. ಕಸದ ಲಾರಿ. ಮ್ಯಾನೇಜರ ಮುಖ ಅರಳಿತು. "ಬಂತು, ಬಂತು. ಕ್ಯಾಮೆರಾ ರೆಡಿ ಮಾಡ್ಕೋ. ಎತ್ತಿ ತಾಯಿ. ಹೊಸ ಕೋಲಲ್ಲೇ ಎತ್ತಿ. ಸ್ವಲ್ಪ ನಗ್ತಾ ಎತ್ತಿ."

ದೊಡ್ಡಕ್ಕನ ತೋಳು ತಾನಾಗಿಯೇ ಅರ್ಧ ಮೇಲೆದ್ದಿತು. ಎರಡು ವರ್ಷದ ರೂಢಿ. ಅವಳು ಅದನ್ನು ನೋಡಿದಳು, ಬೇರೆ ಯಾರದೋ ತೋಳೆಂಬಂತೆ ನೋಡಿದಳು. ಸೆಂಟಿನ ಪುಸ್ಸಿಗೆ ನುಂಗಿದ್ದು, ಒರೆಸಿದ ಕುರ್ಚಿಗೆ ನುಂಗಿದ್ದು, ಕೂತ ಜಾಗ ತೊಳೆದು ಹೋಗುತ್ತೇನೆ ಎಂದ ತನ್ನದೇ ನಾಲಿಗೆಗೆ ನುಂಗಿದ್ದು, ಎಲ್ಲ ಸಿಟ್ಟಾಗಿ ಮೇಲೆ ಬಂತು. ತೋಳನ್ನು ಇಳಿಸಿದಳು. ಜಾಕೆಟ್ಟು ಬಿಚ್ಚಿದಳು.

"ಬೇಡ ಅಂದೆ ಅಂತ ಬರ್ಕೊಂಡಿದ್ದೀರಲ್ಲ, ಈಗ ಅಂತೀನಿ ಕೇಳಿ. ಬೇಡ. ಈ ಕೋಲೂ ಬೇಡ, ಈ ಅಂಗಿನೂ ಬೇಡ. ಇನ್ಮೇಲೆ ಎತ್ತಲ್ಲ."

ಲಾರಿ ಹತ್ತಿರ ಬಂತು. ಡ್ರೈವರು ಎಂದಿನಂತೆ ದೊಡ್ಡಕ್ಕ ಇದ್ದಾಳೆಂಬ ಧೈರ್ಯದಲ್ಲಿ ಬರುತ್ತಿದ್ದ. ಮ್ಯಾನೇಜರಿಗೆ ದಿಗಿಲಾಯಿತು. "ಅರೇ, ಹಿಡೀರೋ ಯಾರಾದ್ರೂ" ಎಂದು ಸುತ್ತ ನೋಡಿದರು. ಬಾಗಿಲು ಬಾಗಿಲಲ್ಲಿ ಜನ ನಿಂತಿದ್ದರು. ಒಬ್ಬರೂ ಅಲುಗಲಿಲ್ಲ. ಬೇರೆ ದಾರಿ ಕಾಣದೆ ಮ್ಯಾನೇಜರೇ ಅಲ್ಯೂಮಿನಿಯಂ ಕೋಲು ಹಿಡಿದು ಬೀದಿಗೆ ಓಡಿದರು. ವೈರನ್ನು ಸಿಕ್ಕಿಸಿ ಎತ್ತಿದರು. ಲಾರಿಯ ಮೂತಿ ದಾಟಿತು. ಅರ್ಧ ಮೈ ದಾಟಿತು. ಆಗ ಡ್ರೈವರಿಗೆ ಕೋಲು ಹಿಡಿದಿರುವುದು ಯಾರು ಎಂದು ಪಕ್ಕದ ಕನ್ನಡಿಯಲ್ಲಿ ಕಂಡಿತು. ಗಕ್ಕೆಂದು ಬ್ರೇಕ್ ಹಾಕಿದ. ಕಿಟಕಿಯಿಂದ ತಲೆ ಹೊರಹಾಕಿದ.

"ದೊಡ್ಡಕ್ಕಾ, ಇವರ್ಯಾರು? ಹೊಸಬರಾ?"

"ಕಂಪನಿಯವರಪ್ಪ. ಅವರ ವೈರು, ಅವರೇ ಎತ್ತುತ್ತಿದ್ದಾರೆ."

"ಹೌದಾ? ಹಾಗಾದ್ರೆ ಒಂದು ನಿಮಿಷ ನೋಡ್ತೀನಿ" ಎಂದು ಡ್ರೈವರು ಎಂಜಿನ್ನು ಆರಿಸಿಯೇಬಿಟ್ಟ.

ಲಾರಿ ನಿಂತರೂ ರಸ ನಿಲ್ಲುವುದಿಲ್ಲ. ಮೊದಲ ಹನಿ ಮ್ಯಾನೇಜರ ನೆತ್ತಿಯ ಮೇಲೆ ಬಿತ್ತು. ಎರಡನೆಯದು ಕಾಲರಿನೊಳಗೆ ಇಳಿಯಿತು. ಅವರು ಮುಖ ಹಿಂಡಿದರು, ಕೋಲು ಬಿಡುವಂತಿಲ್ಲ. ಬಿಟ್ಟರೆ ವೈರು ಲಾರಿಯ ಕೊಕ್ಕೆಯ ಮೇಲೆ. "ಮುಂದೆ ಹೋಗಯ್ಯ!" ಎಂದು ಕೂಗಿದರು. ಬಾಯಿ ತೆರೆದದ್ದು ತಪ್ಪಾಯಿತು. ಟೈನವನು ನೆರವಿಗೆ ಬಂದು ಕೋಲಿಗೆ ಕೈ ಹಾಕಿದ. ಇಬ್ಬರ ಹಿಡಿತಕ್ಕೆ ಹಗುರ ಅಲ್ಯೂಮಿನಿಯಂ ನಡುವಿನಲ್ಲಿ ಬಾಗತೊಡಗಿತು. ಕ್ಯಾಮೆರಾದವನು ಕ್ಲಿಕ್ಕಿಸಬೇಕೋ ಬೇಡವೋ ತಿಳಿಯದೆ ಕ್ಲಿಕ್ಕಿಸುತ್ತಲೇ ಇದ್ದ.

ಮಗಳು ಹೊಸಿಲಿನಿಂದ ಕುಂಟುತ್ತ ಬಂದು ಅವರೆದುರು ನಿಂತಳು. ಕೆಲಸಕ್ಕೆಂದು ಮೇಡಂ ಹೇಳಿಕೊಟ್ಟು ಬಾಯಿಪಾಠ ಮಾಡಿಸಿದ್ದನ್ನು ತನ್ನ ಆ ಬೆಣ್ಣೆ ದನಿಯಲ್ಲಿ ಒಪ್ಪಿಸಿದಳು.

"ನಮಸ್ಕಾರ. ತಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ. ದಯವಿಟ್ಟು ಹಾಗೆಯೇ ಕಾಯುತ್ತಿರಿ. ತಮ್ಮ ಸರದಿ ಶೀಘ್ರದಲ್ಲೇ ಬರಲಿದೆ."

ಬೀದಿ ಗೊಳ್ಳೆಂದು ನಕ್ಕಿತು. ಈ ಬೀದಿ ಒಟ್ಟಾಗಿ ನಕ್ಕು ಎಷ್ಟೋ ಕಾಲವಾಗಿತ್ತು. ಮಾವ ನಗುತ್ತ ನಗುತ್ತ ಕೆಮ್ಮಿ ಕೂತುಬಿಟ್ಟ.

"ಕೊಡ್ತೀನಿ!" ಎಂದು ಮ್ಯಾನೇಜರು ಅರಚಿದರು. ತೋಳುಗಳು ಗಡಗಡ ನಡುಗುತ್ತಿದ್ದವು. "ಕನೆಕ್ಷನ್ ಕೊಡ್ತೀನಿ ತಾಯಿ. ನಿಮ್ಮ ಮನೆಗೆ. ಇವತ್ತೇ. ನಿಮ್ಮ ಮನೆಗೆ ಮಾತ್ರ ಅಂತ ವಿಶೇಷವಾಗಿ ಮಾಡಿಸ್ತೀನಿ. ಬಂದು ಹಿಡೀರಿ ಮೊದಲು."

ನಗು ನಿಂತಿತು. ದೊಡ್ಡಕ್ಕ ಒಂದು ಹೆಜ್ಜೆ ಮುಂದಿಟ್ಟಳು. ಇಟ್ಟದ್ದು ನಿಜ. ಆಸೆಯಾಯಿತು. ಮಗಳು ಮೂಲೆಯ ಗೋಡೆಗೆ ಒರಗಿ ಮಾತಾಡುತ್ತಿರುವುದು, ತಿಂಗಳ ಕೊನೆಗೆ ತನ್ನ ದುಡಿಮೆಯದೆಂದು ತಲೆಯೆತ್ತಿ ಕೂರುವುದು, ಎಲ್ಲ ಕಣ್ಣ ಮುಂದೆ ಬಂತು. ಅವಳು ನಿಂತು ಕೇಳಿದಳು. "ಕೊಟ್ಟ ಮೇಲೆ ಕೋಲು ಯಾರು ಹಿಡೀಬೇಕು ಸಾರ್?"

"ನೀವೇ. ಅದೇ ಷರತ್ತು. ನಿಮಗೂ ಇದೇ ವೈರಿಂದ ತಾನೆ ಬರೋದು? ನಿಮ್ಮ ಒಳ್ಳೇದಕ್ಕೇ."

ದೊಡ್ಡಕ್ಕ ಬಾಗಿಲುಗಳಲ್ಲಿ ನಿಂತವರನ್ನು ನೋಡಿದಳು. ಮಗಳನ್ನು ನೋಡಿದಳು. ಮಗಳು ಊರುಗೋಲೊಂದನ್ನು ಅಮ್ಮನ ಎದೆಗೆ ಅಡ್ಡ ಹಿಡಿದಳು. ಅಷ್ಟೇ. ದೊಡ್ಡಕ್ಕ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದಳು.

ಕೋಲು ನಡುವಿನಲ್ಲಿ ಮಡಚಿಕೊಂಡಿತು. ವೈರು ಲಾರಿಯ ಕೊಕ್ಕೆಯ ಮೇಲೆ ಬಿತ್ತು. ದಿಗಿಲುಬಿದ್ದ ಡ್ರೈವರು ಲಾರಿಯನ್ನು ಹಿಂದಕ್ಕೆ ತೆಗೆಯಲು ಹೋದ. ಪಟ್ಟೆಂದಿತು.

ಸ್ವಲ್ಪ ಹೊತ್ತಿಗೆ ಬಡಾವಣೆಯ ಬಾಲ್ಕನಿಗಳಲ್ಲೆಲ್ಲ ಜನ ಹೊರಬಂದು ಫೋನುಗಳನ್ನು ಆಕಾಶಕ್ಕೆ ಎತ್ತಿ ಹಿಡಿದು ನಿಂತಿದ್ದು ಕಾಣಿಸಿತು. ಅವರ ತೋಳುಗಳಿಗೂ ನೋವು ಏನೆಂದು ಗೊತ್ತಾಗಲಿ ಎಂದುಕೊಂಡಳು ದೊಡ್ಡಕ್ಕ. ಮಾವ ಮುಖ ತೊಳೆದು, ತೊಳೆದ ಅಂಗಿ ಹಾಕಿಕೊಂಡು ಬಾಗಿಲ ಮುಂದೆ ಕೂತ. "ಜೀಪು ಬರ್ಲಿ. ಈ ಸಲ ಬಲಗಿವಿ ಕೊಡ್ತೀನಿ" ಎಂದ. ಅವನ ಪಕ್ಕದಲ್ಲಿ ಇನ್ನೊಬ್ಬ ಬಂದು ಕೂತ. ಸಂಜೆಯ ಹೊತ್ತಿಗೆ 'ಬೀದಿನೇ ಹೊತ್ಕೊಂಡು ಹೋಗ್ತೀನಿ' ಎಂದಿದ್ದ ಪೊಲೀಸರಿಗೆ ಹೊರಲು ಸುಲಭವಾಗಲೆಂಬಂತೆ ಬೀದಿಗೆ ಬೀದಿಯೇ ಸಾಲಾಗಿ ಕೂತಿತ್ತು. ಜೀಪು ಬರಲಿಲ್ಲ. ಹರಿದಾಗ ಕೋಲು ಮ್ಯಾನೇಜರ ಕೈಯಲ್ಲಿತ್ತು, ಅದರ ಫೋಟೋ ಕಂಪನಿಯದೇ ಕ್ಯಾಮೆರಾದಲ್ಲಿತ್ತು.

ಭಾನುವಾರ ರಿಪೇರಿಯವರು ಏಣಿ ತಂದರು. ವೈರಿನ ತುದಿ ಎತ್ತಿ ಹಿಡಿಯಲು ಜನ ಕೇಳಿದರು. ಯಾರೂ ಏಳಲಿಲ್ಲ. 'ಸ್ಥಳೀಯ ಸಹಕಾರವಿಲ್ಲ' ಎಂದು ಬರೆದುಕೊಂಡು ಹೋದರು.

ಸೋಮವಾರ ಬೆಳಗ್ಗೆ ದೊಡ್ಡಕ್ಕ ಗುಡ್ಡದ ಮೇಲೆ ಪ್ಲಾಸ್ಟಿಕ್ ಆರಿಸುತ್ತಿದ್ದಾಗ ಸೊಂಟದಲ್ಲಿ ಫೋನು ಕಿರುಚಿತು. ಆ ಕಡೆ ಸಂದರ್ಶನದ ಮೇಡಂ. ದನಿಯಲ್ಲಿ ಅಳು ಇತ್ತು. "ನಿಮ್ಮ ಮಗಳು ಎಲ್ಲಿ? ಬೇಗ ಕರೀರಿ. ನಮ್ಮ ಕೆಲಸದವರೆಲ್ಲ ಆ ಬಡಾವಣೆಗಳಲ್ಲೇ ಇರೋದು. ಎಲ್ಲರ ಮನೇಲೂ ನಮ್ಮದೇ ಇಂಟರ್ನೆಟ್. ಒಬ್ಬರದ್ದೂ ಕೆಲಸ ಮಾಡ್ತಿಲ್ಲ! ನಿಮ್ಮ ಮನೇಲಿ ನಮ್ಮ ಕನೆಕ್ಷನ್ ಇಲ್ಲ ತಾನೆ?"

"ಇಲ್ಲ ಮೇಡಂ."

"ದೇವರು ದೊಡ್ಡವನು. ಇವತ್ತೇ ಕೆಲಸಕ್ಕೆ ಸೇರಿಸ್ಕೊಂಡಿದ್ದೀನಿ. ಕರೆಗಳನ್ನೆಲ್ಲ ಈ ಫೋನಿಗೇ ತಿರುಗಿಸ್ತೀನಿ."

ದೊಡ್ಡಕ್ಕ ಎದ್ದುಬಿದ್ದು ಗುಡ್ಡ ಇಳಿದಳು. ಮಗಳನ್ನು ಬೆನ್ನಿಗೆ ಹಾಕಿಕೊಂಡು ಮತ್ತೆ ಹತ್ತಿದಳು. ತುದಿಯಲ್ಲಿ ಒಡೆದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕಸಕ್ಕೆ ಊರಿ ಮಗಳನ್ನು ಕೂರಿಸಿದಳು. ಕುರ್ಚಿಗೆ ಮೂರೇ ಕಾಲಿತ್ತು, ನಾಲ್ಕನೆಯ ಕಡೆ ತಾನು ತೊಡೆ ಕೊಟ್ಟು ಕೂತಳು. ಕಾಗೆಗಳು ದೂರ ಸರಿದವು. ಕೆಲಸದ ಮೊದಲ ಕರೆ ಬಂತು.

"ನಾನು ಬಡಾವಣೆ ಸಂಘದ ಕಾರ್ಯದರ್ಶಿ ಮಾತಾಡ್ತಿದ್ದೀನಿ. ಎರಡು ದಿನದಿಂದ ನೆಟ್ಟಿಲ್ಲ! ಆ ಕಸದ ಬೀದಿಯವರು ವೈರು ಕತ್ತರಿಸಿದ್ದಾರೆ. ನನ್ನ ದೂರು ಬರ್ಕೊಳ್ಳಿ."

ದೊಡ್ಡಕ್ಕನಿಗೂ ಕೇಳಿಸಿತು. ಹೇಳಿಕೊಟ್ಟ ಮಾತು ನಾಲ್ಕೇ ನಾಲ್ಕು. ಅದನ್ನು ಹೇಳಿದರೆ ಕೆಲಸ ಉಳಿಯುತ್ತದೆ. ಮಗಳು ಗಂಟಲು ಸರಿಮಾಡಿಕೊಂಡಳು.

"ನಮಸ್ಕಾರ ಸಾರ್. ಕತ್ತರಿಸಿಲ್ಲ. ಎರಡು ವರ್ಷದಿಂದ ಆ ವೈರನ್ನ ನಮ್ಮಮ್ಮ ಎತ್ತಿ ಹಿಡಿದಿದ್ರು. ಈಗ ಹಿಡಿಯೋದು ಬಿಟ್ಟಿದ್ದಾರೆ."

"ಏನು? ಯಾರು ನೀನು?"

"ಕಂಪನಿಯವಳೇ ಸಾರ್. ಕಸದ ಬೀದಿಯವಳು. ಮೊನ್ನೆ ನಿಮ್ಮ ಗೇಟಿನ ಹತ್ತಿರ ಬಂದಿದ್ರಲ್ಲ, ಅವರ ಮಗಳು."

"ನಿನ್ನ ಕೆಲಸ ತೆಗೆಸ್ತೀನಿ. ಈ ಮಾತೆಲ್ಲ ರೆಕಾರ್ಡ್ ಆಗುತ್ತೆ, ಗೊತ್ತಾ?"

"ಗೊತ್ತು ಸಾರ್. ಆಗ್ಲಿ. ನಿಮ್ಮ ಮನೆಗೆ ನೆಟ್ಟು ಯಾವಾಗ ಬರುತ್ತೆ ಅಂತಲೂ ಬರ್ಕೊಳ್ಳಿ. ನಮ್ಮ ಬೀದೀಲಿ ಪ್ರತಿ ಮನೆಗೂ ಬಂದ ಮೇಲೆ. ಅಲ್ಲೀವರೆಗೆ ವೈರಿನ ತುದಿ ಹಿಡಿಯೋಕೆ ನಮ್ಮಲ್ಲಿ ಯಾರೂ ಇಲ್ಲ."

ಆ ಕಡೆ ಫೋನು ಬಡಿದಿಟ್ಟ ಸದ್ದು. ದೊಡ್ಡಕ್ಕನ ಕಣ್ಣಲ್ಲಿ ನೀರು ಬಂತು. ಹೆಮ್ಮೆಗೋ ಸಂಕಟಕ್ಕೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ.

"ಕೆಲಸ ಹೋಯ್ತಲ್ಲೇ ಮಗಳೇ."

"ಇನ್ನೂ ಹೋಗಿಲ್ಲಮ್ಮ. ಅವರಿಗೆ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು. ಇನ್ನೂ ನೂರಾರು ಜನ ಕಾಯ್ತಾ ಇದ್ದಾರೆ" ಎಂದಳು ಮಗಳು. ಫೋನು ಮತ್ತೆ ಬಡಿದುಕೊಂಡಿತು. ಅವಳು ಎತ್ತಿದಳು.

"ನಮಸ್ಕಾರ. ನಾನು ಕಸದ ಬೀದಿಯಿಂದ ಮಾತಾಡ್ತಿದ್ದೀನಿ. ಹೇಳಿ."